ಕೇರಳದ ಸರಕಾರಿ ಆಸ್ಪತ್ರೆಗಳ ಕುಸಿತ ಮತ್ತು ಚೇತರಿಕೆ: ಕಾಸರಗೋಡಿನ ಲೆಕ್ಕ

ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಹಳ್ಳಿಗಳಲ್ಲಿ ಕಾಯಿಲೆ ಜೋರಾದರೆ ಮೊದಲು ಕೇಳಿಬರುವ ಮಾತು "ಮಂಗಳೂರಿಗೆ ಕೊಂಡುಹೋಗಿ" ಎಂಬುದೇ. ಇದು ಇಂದು ನಿನ್ನೆಯ ರೂಢಿಯಲ್ಲ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆ 1848ರಷ್ಟು ಹಳೆಯದು. 1953ರಲ್ಲಿ ಆರಂಭವಾದ ಕಸ್ತೂರ್ಬಾ ಮೆಡಿಕಲ್ ಕಾಲೇಜು ಅದೇ ಆಸ್ಪತ್ರೆಯನ್ನು ಕಲಿಕೆಗೆ ಬಳಸಿಕೊಂಡಿತು. ಆಗ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ಒಂದು ತಾಲೂಕು. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿ ರೇಶನ್ ಕಾರ್ಡು, ಕಚೇರಿ, ಶಾಲೆ ಎಲ್ಲವೂ ಬದಲಾದವು. ರೋಗಿಗಳ ದಾರಿ ಮಾತ್ರ ಬದಲಾಗಲಿಲ್ಲ.

ಕೇರಳದ ಆರೋಗ್ಯ ವ್ಯವಸ್ಥೆಗೆ ದೇಶದಲ್ಲೇ ಒಳ್ಳೆಯ ಹೆಸರಿದೆ. ಅಂಥ ರಾಜ್ಯದ ಪ್ರಜೆಗಳು ಗಡಿ ದಾಟಿ ಚಿಕಿತ್ಸೆಗೆ ಹೋಗುವುದೇಕೆ ಎಂದು ಹೊರಗಿನವರು ಅಚ್ಚರಿಪಡುವುದುಂಟು. ಉತ್ತರ ತಿಳಿಯಬೇಕಾದರೆ ಕೇರಳದ ಸರಕಾರಿ ಆಸ್ಪತ್ರೆಗಳು ಒಮ್ಮೆ ಕುಸಿದು ಮತ್ತೆ ಚೇತರಿಸಿಕೊಂಡ ಕಥೆಯನ್ನು, ಹಾಗೂ ಆ ಚೇತರಿಕೆ ರಾಜ್ಯದ ಉತ್ತರ ತುದಿಯನ್ನು ಎಷ್ಟರ ಮಟ್ಟಿಗೆ ತಲುಪಿತು ಎಂಬುದನ್ನು ನೋಡಬೇಕು.

ಕುಸಿತ ಹೇಗೆ ಬಂತು

ರಾಜ್ಯ ರಚನೆಯಾದ ಮೇಲಿನ ಎರಡು ದಶಕಗಳಲ್ಲಿ ಕೇರಳ ಸರಕಾರ ಊರೂರಿಗೆ ಆಸ್ಪತ್ರೆ, ಔಷಧಾಲಯಗಳನ್ನು ತೆರೆಯಿತು. 1970ರ ದಶಕದ ಮಧ್ಯದಿಂದ ಬೊಕ್ಕಸದಲ್ಲಿ ಹಣದ ಬಿಗಿ ಶುರುವಾಯಿತು. ಆರೋಗ್ಯ ಇಲಾಖೆಗೆ ಸಿಗುವ ಹಣದಲ್ಲಿ ಸಂಬಳವನ್ನು ಕಡಿತ ಮಾಡುವಂತಿಲ್ಲ. ಹಾಗಾಗಿ ಕತ್ತರಿ ಬಿದ್ದದ್ದು ಔಷಧಿ, ದುರಸ್ತಿ, ಯಂತ್ರೋಪಕರಣಗಳ ಮೇಲೆ. ಡಾಕ್ಟರರಿದ್ದರೂ ಮದ್ದಿಲ್ಲ, ಎಕ್ಸ್‌ರೇ ಯಂತ್ರವಿದ್ದರೂ ಫಿಲ್ಮ್ ಇಲ್ಲ ಎಂಬ ಸ್ಥಿತಿ ಬಂತು. ಅದೇ ಕಾಲಕ್ಕೆ ಗಲ್ಫ್ ಹಣ ಊರಿಗೆ ಬರತೊಡಗಿತು. ಸರಕಾರಿ ಆಸ್ಪತ್ರೆಯಲ್ಲಿ ಸಿಗದ್ದು ಪೇಟೆಯ ಖಾಸಗಿ ನರ್ಸಿಂಗ್ ಹೋಮ್‌ನಲ್ಲಿ ದುಡ್ಡು ಕೊಟ್ಟರೆ ಸಿಗುತ್ತಿತ್ತು.

ಅಂಕಿಅಂಶ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ. 1986ರಿಂದ 1996ರ ನಡುವಿನ ಹತ್ತು ವರ್ಷಗಳಲ್ಲಿ ಕೇರಳದ ಸರಕಾರಿ ಆಸ್ಪತ್ರೆಗಳ ಹಾಸಿಗೆಗಳು ಸುಮಾರು 36,000ದಿಂದ 38,000ಕ್ಕೆ ಮಾತ್ರ ಏರಿದವು. ಖಾಸಗಿ ಹಾಸಿಗೆಗಳು ಸುಮಾರು 49,000ದಿಂದ 67,500ಕ್ಕೆ ಜಿಗಿದವು.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸರಕಾರಿ ಆಸ್ಪತ್ರೆಯನ್ನು ಮೊದಲು ಬಿಟ್ಟುಹೋದವರು ಶಾಲಾ ಮಾಸ್ತರರು, ಗುಮಾಸ್ತರು, ಜಮೀನುದಾರರು, ಗಲ್ಫ್‌ನವರ ಮನೆಯವರು. ಅಂದರೆ ಮದ್ದಿಲ್ಲದಿದ್ದರೆ ಗದ್ದಲ ಮಾಡಬಲ್ಲವರು, ಅರ್ಜಿ ಬರೆಯಬಲ್ಲವರು, ಶಾಸಕರ ಮನೆ ಬಾಗಿಲು ತಟ್ಟಬಲ್ಲವರು. ಉಳಿದವರು ಬಾಯಿ ಇಲ್ಲದವರು. ಕೇಳುವವರಿಲ್ಲದ ಕಡೆ ಸೇವೆ ಇನ್ನಷ್ಟು ಕೆಟ್ಟಿತು, ಸೇವೆ ಕೆಟ್ಟಂತೆ ಇನ್ನಷ್ಟು ಜನ ಬಿಟ್ಟುಹೋದರು. ಗೋಡೆಯ ಬಿರುಕಿಗಿಂತ ಈ ಬಿರುಕೇ ದೊಡ್ಡದು. ಅಂದಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಒಪಿ ಮುಗಿಯುತ್ತಿತ್ತು. ಕೂಲಿ ಬಿಟ್ಟು ಬೆಳಗ್ಗೆ ಸರದಿಯಲ್ಲಿ ನಿಲ್ಲಲಾಗದವನಿಗೆ ಸಂಜೆ ಡಾಕ್ಟರರ ಮನೆಯೇ ಗತಿ. ಕೇರಳದಲ್ಲಿ ಆರೋಗ್ಯ ಇಲಾಖೆಯ ವೈದ್ಯರು ಕೆಲಸದ ವೇಳೆಯ ಹೊರಗೆ ಮನೆಯಲ್ಲಿ ರೋಗಿಗಳನ್ನು ನೋಡಲು ಅನುಮತಿ ಇದ್ದುದರಿಂದ, "ಮನೆಯಲ್ಲಿ ಕಂಡರೆ ಆಸ್ಪತ್ರೆಯಲ್ಲಿ ಮರ್ಯಾದೆ" ಎಂಬ ಭಾವನೆ ಜನರಲ್ಲಿ ಬೇರೂರಿತು.

ಕಾಸರಗೋಡಿನ ಪಾಡು ಬೇರೆ

1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲಾ ಆಸ್ಪತ್ರೆ ಇರುವುದು ಕಾಞಂಗಾಡಿನಲ್ಲಿ, ಜಿಲ್ಲಾ ಕೇಂದ್ರವಾದ ಕಾಸರಗೋಡು ಪೇಟೆಯಲ್ಲಿರುವುದು ಜನರಲ್ ಆಸ್ಪತ್ರೆ. ವೈದ್ಯಕೀಯ ಕಾಲೇಜು ಒಂದೂ ಇರಲಿಲ್ಲ. ರಾಜ್ಯದ ರಾಜಧಾನಿ ಐನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಪಕ್ಕದ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು ಬಹುಕಾಲ ಸಹಕಾರಿ ಸಂಸ್ಥೆಯಾಗಿದ್ದು, ಸರಕಾರದ ಕೈಗೆ ಬಂದದ್ದು 2019ರಲ್ಲಿ.

ತೆಂಕಣ ಜಿಲ್ಲೆಗಳ ಸರಕಾರಿ ನೌಕರರ ಮಾತಿನಲ್ಲಿ ಕಾಸರಗೋಡು ಎಂದರೆ ಶಿಕ್ಷೆಯ ವರ್ಗಾವಣೆ. ಬಂದವರು ರಜೆ ಹಾಕುತ್ತಾರೆ, ಇಲ್ಲವೇ ಆರು ತಿಂಗಳಲ್ಲಿ ಊರ ಕಡೆಗೆ ವರ್ಗ ಮಾಡಿಸಿಕೊಳ್ಳುತ್ತಾರೆ ಎಂಬ ದೂರು ಹಳೆಯದು. ಕಾಗದದಲ್ಲಿ ಹುದ್ದೆ ಇರುತ್ತದೆ, ಕುರ್ಚಿಯಲ್ಲಿ ಜನ ಇರುವುದಿಲ್ಲ.

ಇದರ ಬೆಲೆ ಏನೆಂಬುದು ಎಂಡೋಸಲ್ಫಾನ್ ಪ್ರಕರಣದಲ್ಲಿ ಗೊತ್ತಾಯಿತು. ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದ ವರೆಗೆ ಹೆಲಿಕಾಪ್ಟರ್ ಮೂಲಕ ಈ ಕೀಟನಾಶಕವನ್ನು ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆ ಮುಂತಾದ ಊರುಗಳಲ್ಲಿ ಅಂಗವೈಕಲ್ಯ, ಅಪಸ್ಮಾರ, ಬುದ್ಧಿಮಾಂದ್ಯ ಅಸಹಜ ಪ್ರಮಾಣದಲ್ಲಿ ಕಂಡುಬಂದವು. ಅದನ್ನು ಮೊದಲು ಗುರುತಿಸಿದವರು ವಾಣಿನಗರದಲ್ಲಿ ಖಾಸಗಿಯಾಗಿ ಚಿಕಿತ್ಸಾಲಯ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನಕುಮಾರ್. ಇಲಾಖೆಯ ಯಾವ ರಿಜಿಸ್ಟರಿನಿಂದಲೂ ಅದು ಹೊರಬರಲಿಲ್ಲ. ಒಂದೇ ಊರಿನಲ್ಲಿ ವರ್ಷಗಟ್ಟಲೆ ಕುಳಿತು ಅವೇ ಮನೆಗಳ ರೋಗಿಗಳನ್ನು ನೋಡುವ ವೈದ್ಯನಿಗೆ ಮಾತ್ರ ಇಂಥದ್ದು ಕಣ್ಣಿಗೆ ಬೀಳುತ್ತದೆ. ಆರು ತಿಂಗಳಿಗೊಬ್ಬ ಡಾಕ್ಟರು ಬದಲಾಗುವಲ್ಲಿ ಬೀಳುವುದಿಲ್ಲ.

ಚೇತರಿಕೆಯ ಆರಂಭ

ಚೇತರಿಕೆ ಒಂದು ದಿನದಲ್ಲಿ ಬಂದದ್ದಲ್ಲ. 1996ರ ಸುಮಾರಿಗೆ ಅಧಿಕಾರ ವಿಕೇಂದ್ರೀಕರಣದ ಭಾಗವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತುಗಳ ಹೊಣೆಗೆ, ಸಮುದಾಯ ಆರೋಗ್ಯ ಕೇಂದ್ರಗಳು ಬ್ಲಾಕ್ ಪಂಚಾಯತುಗಳಿಗೆ, ಜಿಲ್ಲಾ ಆಸ್ಪತ್ರೆ ಜಿಲ್ಲಾ ಪಂಚಾಯತಿಗೆ ಬಂದವು. ಸಂಬಳ ಇಲಾಖೆಯದು, ಕಟ್ಟಡ, ಔಷಧಿ, ನೀರು, ಶೌಚಾಲಯಗಳ ಚಿಂತೆ ಊರಿನದು. ಮೊದಮೊದಲು ಕೆಲವು ಪಂಚಾಯತುಗಳು ಆವರಣ ಗೋಡೆ ಕಟ್ಟಿಸಿ ಕೈತೊಳೆದುಕೊಂಡವು ಎಂಬುದು ನಿಜ. ಆದರೆ ಆಸ್ಪತ್ರೆಯ ಬಗ್ಗೆ ಪ್ರಶ್ನೆ ಕೇಳಲು ತಿರುವನಂತಪುರಕ್ಕೆ ಹೋಗಬೇಕಾಗಿಲ್ಲ, ಗ್ರಾಮಸಭೆಯಲ್ಲಿ ವಾರ್ಡ್ ಸದಸ್ಯನನ್ನೇ ಕೇಳಬಹುದು ಎಂಬಂತಾದದ್ದು ಸಣ್ಣ ಬದಲಾವಣೆಯಲ್ಲ. 2005ರಲ್ಲಿ ಬಂದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಇನ್ನಷ್ಟು ಹಣ ಮತ್ತು ಆಶಾ ಕಾರ್ಯಕರ್ತೆಯರನ್ನು ತಂದಿತು.

ದೊಡ್ಡ ಹೆಜ್ಜೆ 2017ರ ಫೆಬ್ರವರಿಯಲ್ಲಿ ಆರಂಭವಾದ 'ಆರ್ದ್ರಂ' ಮಿಷನ್. ಆಗ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ. ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಮಾರ್ಪಡಿಸುವುದು ಯೋಜನೆಯ ಮುಖ್ಯ ಭಾಗ. ಮೊದಲ ಹಂತದಲ್ಲಿ 170 ಕೇಂದ್ರಗಳು ಆಯ್ಕೆಯಾದವು. ಹೆಸರು ಬದಲಿಸಿ ಬೋರ್ಡು ಹಾಕುವ ಯೋಜನೆಗಳು ನಮಗೆ ಹೊಸತಲ್ಲ. ಇಲ್ಲಿ ನಡೆದದ್ದು ಅದಕ್ಕಿಂತ ಹೆಚ್ಚಿನದು. ಕೇಂದ್ರವೊಂದಕ್ಕೆ 3 ವೈದ್ಯರು, 4 ನರ್ಸುಗಳು ಎಂಬ ಮಾನದಂಡ ಬಂತು. ಇಲಾಖೆ ಕೊಡುವಷ್ಟು ಸಾಲದಿದ್ದರೆ ಪಂಚಾಯತು ತನ್ನ ಯೋಜನಾ ನಿಧಿಯಿಂದ ನೇಮಿಸಿಕೊಳ್ಳಬಹುದು. ಒಪಿ ಬೆಳಗ್ಗೆ 9ರಿಂದ ಸಂಜೆ 6ರ ವರೆಗೆ. ರೋಗಿ ಡಾಕ್ಟರರ ಬಳಿಗೆ ಹೋಗುವ ಮೊದಲೇ ನರ್ಸ್ ಒಬ್ಬರು ರಕ್ತದೊತ್ತಡ, ತೂಕ ನೋಡಿ, ತೊಂದರೆ ಕೇಳಿ ಬರೆದುಕೊಳ್ಳುತ್ತಾರೆ. ಟೋಕನ್ ಇದೆ, ಕುಳಿತುಕೊಳ್ಳಲು ಕುರ್ಚಿ ಇದೆ. ಉಬ್ಬಸದವರಿಗೆ 'ಶ್ವಾಸ್', ಖಿನ್ನತೆಗೆ 'ಆಶ್ವಾಸಂ' ಎಂಬ ಪ್ರತ್ಯೇಕ ಕ್ಲಿನಿಕ್‌ಗಳಿವೆ.

ಸಂಜೆಯ ಒಪಿಯೇ ಇದರಲ್ಲಿ ಮುಖ್ಯ. ಕೂಲಿಯವನು ಕೆಲಸ ಮುಗಿಸಿ ಬರುವ ಹೊತ್ತಿಗೆ ಬಾಗಿಲು ತೆರೆದಿರುವುದೇ ಅರ್ಧ ಚಿಕಿತ್ಸೆ. ಸರಕಾರಿ ವೈದ್ಯರ ಸಂಘಟನೆ ಮಾತ್ರ, ಸಾಕಷ್ಟು ವೈದ್ಯರನ್ನು ನೇಮಿಸದೆ ಸಮಯ ವಿಸ್ತರಿಸಲಾಗಿದೆ ಎಂದು 2018ರ ಏಪ್ರಿಲ್‌ನಲ್ಲಿ ಮುಷ್ಕರ ಹೂಡಿತು. ಸರಕಾರ ಬಗ್ಗಲಿಲ್ಲ, ಕೆಲವೇ ದಿನಗಳಲ್ಲಿ ಮುಷ್ಕರ ಹಿಂದೆಗೆಯಲಾಯಿತು. ವೈದ್ಯರ ದೂರಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಒಬ್ಬರು ರಜೆ ಹಾಕಿದರೆ ಸಂಜೆಯ ಒಪಿ ನಿಲ್ಲುವ ಕೇಂದ್ರಗಳು ಆ ಬಳಿಕವೂ ಇದ್ದವು.

ಫಲ ಏನಾಯಿತು? ಕೇಂದ್ರ ಸರಕಾರದ ರಾಷ್ಟ್ರೀಯ ಮಾದರಿ ಸಮೀಕ್ಷೆಗಳ ಪ್ರಕಾರ 2014ರಲ್ಲಿ ಕೇರಳದ ಹೊರರೋಗಿಗಳ ಪೈಕಿ ಸುಮಾರು ಮೂರರಲ್ಲೊಂದು ಭಾಗ ಮಾತ್ರ ಸರಕಾರಿ ಆಸ್ಪತ್ರೆಗಳಿಗೆ ಹೋಗುತ್ತಿದ್ದರೆ, 2017-18ರಲ್ಲಿ ಅದು ಅರ್ಧದ ಹತ್ತಿರಕ್ಕೆ ಬಂತು. ಬಿಟ್ಟುಹೋದವರು ಮರಳಿ ಬರತೊಡಗಿದ್ದರು.

ಗುಣಮಟ್ಟಕ್ಕೆ ಅಂಕ

ಆಸ್ಪತ್ರೆ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವುದು ಹೇಗೆ? ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳನ್ನು ರೂಪಿಸಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದನ್ನು 'ಎನ್‌ಕ್ಯುಎಎಸ್' ಎನ್ನುತ್ತಾರೆ. ಹೊರಗಿನಿಂದ ಪರಿಶೀಲಕರು ಬಂದು ಎಂಟು ವಿಚಾರಗಳನ್ನು ನೋಡುತ್ತಾರೆ: ಯಾವ ಸೇವೆಗಳಿವೆ, ರೋಗಿಯ ಹಕ್ಕುಗಳಿಗೆ ಬೆಲೆ ಇದೆಯೇ, ಸಿಬ್ಬಂದಿ ಮತ್ತು ಸಲಕರಣೆ ಸಾಕಷ್ಟಿದೆಯೇ, ನೀರು, ಕರೆಂಟು, ಬಟ್ಟೆ ಒಗೆಯುವಿಕೆಯಂಥ ಪೂರಕ ವ್ಯವಸ್ಥೆ ಹೇಗಿದೆ, ಚಿಕಿತ್ಸೆ ಸರಿಯೇ, ಸೋಂಕು ತಡೆ ಹೇಗೆ, ಗುಣಮಟ್ಟ ಕಾಯಲು ಆಸ್ಪತ್ರೆಯೇ ಏನು ಮಾಡುತ್ತಿದೆ, ಕೊನೆಗೆ ಫಲಿತಾಂಶ ಏನು. ಪ್ರತಿ ಅಂಶಕ್ಕೂ ಪೂರ್ತಿ ಇದ್ದರೆ 2, ಅರೆಬರೆ ಇದ್ದರೆ 1, ಇಲ್ಲದಿದ್ದರೆ 0. ಕಣ್ಣಾರೆ ನೋಡಿ, ದಾಖಲೆ ತೆರೆಸಿ, ಸಿಬ್ಬಂದಿಯನ್ನೂ ರೋಗಿಯನ್ನೂ ಕೇಳಿ ಅಂಕ ಹಾಕಬೇಕು. ಶೇ. 70 ಬಂದರೆ ಪ್ರಮಾಣಪತ್ರ, ಅದರ ಅವಧಿ 3 ವರ್ಷ. ಜೊತೆಗೆ ಪ್ರೋತ್ಸಾಹಧನವೂ ಉಂಟು. 2015ರಲ್ಲಿ ಶುಚಿತ್ವಕ್ಕಾಗಿಯೇ 'ಕಾಯಕಲ್ಪ' ಎಂಬ ಪ್ರಶಸ್ತಿಯೂ ಬಂತು.

ಈ ಪರೀಕ್ಷೆಯಲ್ಲಿ ದೇಶದ ಗಮನ ಸೆಳೆದ ಕೇಂದ್ರವೊಂದು ಕಾಸರಗೋಡು ಜಿಲ್ಲೆಯದ್ದೇ ಎಂಬುದು ಹಲವರಿಗೆ ಗೊತ್ತಿಲ್ಲ. ಜಿಲ್ಲೆಯ ದಕ್ಷಿಣದ ಕಯ್ಯೂರು ಕುಟುಂಬ ಆರೋಗ್ಯ ಕೇಂದ್ರ ಶೇ. 99 ಅಂಕ ಪಡೆದು ದೇಶದ ಪ್ರಾಥಮಿಕ ಕೇಂದ್ರಗಳ ಮುಂಚೂಣಿಗೆ ಬಂತು. ನಿರಂಜನರ 'ಚಿರಸ್ಮರಣೆ' ಓದಿದವರಿಗೆ ಕಯ್ಯೂರಿನ ಹೆಸರು ಹೊಸತಲ್ಲ. ರೈತ ಹೋರಾಟದ ಆ ಊರು ಈಗ ಆಸ್ಪತ್ರೆಗಾಗಿಯೂ ಸುದ್ದಿಯಾಯಿತು.

ಆದರೆ ಅಂಕಕ್ಕೂ ಒಂದು ಮಿತಿ ಇದೆ. ಕೇಂದ್ರ ತಾನು ಮಾಡಬೇಕಾದ್ದನ್ನು ಚೆನ್ನಾಗಿ ಮಾಡುತ್ತಿದೆಯೇ ಎಂದು ಪರೀಕ್ಷೆ ನೋಡುತ್ತದೆ. ಅಲ್ಲಿಂದ ಮೇಲಕ್ಕೆ ಕಳಿಸಬೇಕಾದ ರೋಗಿಗೆ ಜಿಲ್ಲೆಯಲ್ಲಿ ತಜ್ಞ ವೈದ್ಯರಿದ್ದಾರೆಯೇ ಎಂಬುದು ಅದರ ಲೆಕ್ಕಕ್ಕೆ ಬರುವುದಿಲ್ಲ. 99 ಅಂಕದ ಪ್ರಾಥಮಿಕ ಕೇಂದ್ರವಿದ್ದ ಇದೇ ಜಿಲ್ಲೆಯಲ್ಲಿ, ಸಾವಿರಾರು ಎಂಡೋಸಲ್ಫಾನ್ ಸಂತ್ರಸ್ತರಿದ್ದೂ, ನರರೋಗ ತಜ್ಞರಿಗಾಗಿ ಮಂಗಳೂರಿಗೋ ಪರಿಯಾರಕ್ಕೋ ಹೋಗಬೇಕಿತ್ತು. ಬುಡ ಗಟ್ಟಿಯಾಯಿತು, ಮಾಡು ಹೊದೆಸಲಿಲ್ಲ.

2020: ಬೇಲಿ ಬಿದ್ದ ದಿನಗಳು

ಕೊರೋನಾ ಕಾಲದಲ್ಲಿ ಎರಡೂ ಮುಖ ಒಟ್ಟಿಗೆ ಕಾಣಿಸಿತು. ದೇಶದ ಮೂರನೇ ಕೋವಿಡ್ ಪ್ರಕರಣ 2020ರ ಫೆಬ್ರವರಿ 3ರಂದು ದೃಢಪಟ್ಟದ್ದು ಕಾಸರಗೋಡು ಜಿಲ್ಲೆಯಲ್ಲಿ. ವುಹಾನ್‌ನಿಂದ ಬಂದ ಆ ವಿದ್ಯಾರ್ಥಿ ಕಾಞಂಗಾಡು ಜಿಲ್ಲಾ ಆಸ್ಪತ್ರೆಯಲ್ಲಿ ಗುಣಮುಖನಾದ. ಮಾರ್ಚ್‌ನಲ್ಲಿ ಗಲ್ಫ್‌ನಿಂದ ಬಂದವರ ಮೂಲಕ ಸೋಂಕು ಹರಡಿ ಜಿಲ್ಲೆ ದೇಶದ ಆತಂಕದ ತಾಣವಾಯಿತು. ಮೇ 10ರ ಹೊತ್ತಿಗೆ ಆ ಹಂತದ 178 ರೋಗಿಗಳೂ ಗುಣಮುಖರಾದರು, ಒಬ್ಬರೂ ಸಾಯಲಿಲ್ಲ. ಜನರಲ್ ಆಸ್ಪತ್ರೆ, ಜಿಲ್ಲಾ ಆಸ್ಪತ್ರೆಗಳ ನರ್ಸುಗಳು, ವೈದ್ಯರು, ಮನೆಮನೆಗೆ ಹೋದ ಆರೋಗ್ಯ ಕಾರ್ಯಕರ್ತರು ಮಾಡಿದ ಕೆಲಸ ಅದು. ಹತ್ತಿಪ್ಪತ್ತು ವರ್ಷ ಹಿಂದಿನ ಆಸ್ಪತ್ರೆಗಳಿಂದ ಇದು ಸಾಧ್ಯವಾಗುತ್ತಿತ್ತೇ ಎಂಬುದು ಸಂಶಯವೇ.

ಅದೇ ದಿನಗಳಲ್ಲಿ ಕರ್ನಾಟಕ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿತು. ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನು ತಡೆಯಲಾಯಿತು. ಡಯಾಲಿಸಿಸ್, ಹೃದ್ರೋಗ, ಹೆರಿಗೆ ಯಾವುದಕ್ಕೂ ಮಂಗಳೂರು ಸಿಗಲಿಲ್ಲ. ಚಿಕಿತ್ಸೆ ಸಿಗದೆ ಹಲವರು ಸತ್ತ ವರದಿಗಳು ಬಂದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳ ವಾಹನಗಳಿಗೆ ದಾರಿ ತೆರೆಸುವಂತೆ ಕೇಂದ್ರ ಸರಕಾರಕ್ಕೆ ಸೂಚಿಸಿತು. ವಿವಾದ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ ಕೋವಿಡೇತರ ತುರ್ತು ರೋಗಿಗಳನ್ನು ತಪಾಸಣೆ ಮಾಡಿ ಬಿಡುವ ಒಪ್ಪಂದವಾಯಿತು. ಗಡಿಯಿಂದ ಮಂಗಳೂರಿಗೆ ಹದಿನೈದು ಕಿಲೋಮೀಟರ್ ಆಸುಪಾಸು. ಆ ಹದಿನೈದು ಕಿಲೋಮೀಟರ್ ಇನ್ನೊಂದು ರಾಜ್ಯದ್ದು ಎಂಬುದು ಅರವತ್ತಕ್ಕೂ ಹೆಚ್ಚು ವರ್ಷಗಳ ನಂತರ ಜನರಿಗೆ ಮನದಟ್ಟಾಯಿತು. ಯಾವ ಸರಕಾರವನ್ನು ದೂರಿದರೂ, ಜಿಲ್ಲೆಯೊಳಗೇ ದೊಡ್ಡ ಆಸ್ಪತ್ರೆ ಇಲ್ಲದ್ದು ಮೂಲ ಕಾರಣ.

ಉಕ್ಕಿನಡ್ಕದ ಹನ್ನೆರಡು ವರ್ಷ

ಬದಿಯಡ್ಕ ಬಳಿಯ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರ್ 30ರಂದು ಆಗಿನ ಮುಖ್ಯಮಂತ್ರಿ ಉಮ್ಮನ್ ಚಾಂಡಿ ಶಂಕುಸ್ಥಾಪನೆ ಮಾಡಿದರು. ನಂತರ ಕೆಲಸ ಕುಂಟುತ್ತ ಸಾಗಿತು. 2020ರಲ್ಲಿ ಗಡಿ ಮುಚ್ಚಿದಾಗ ಅದರ ಕಾಲೇಜು ಕಟ್ಟಡವನ್ನೇ ಕೆಲವೇ ದಿನಗಳಲ್ಲಿ ಕೋವಿಡ್ ಆಸ್ಪತ್ರೆಯಾಗಿ ಮಾರ್ಪಡಿಸಿ ಏಪ್ರಿಲ್ 6ರಂದು ತೆರೆಯಲಾಯಿತು. ನಡೆಸಲು ತಿರುವನಂತಪುರ ಮೆಡಿಕಲ್ ಕಾಲೇಜಿನಿಂದ 26 ಮಂದಿಯ ತಂಡ ಬಂತು. ಆರೂವರೆ ವರ್ಷದಲ್ಲಿ ಆಗದ್ದು ಕೆಲವು ದಿನಗಳಲ್ಲಿ ಆದದ್ದನ್ನು ಕಂಡು ಊರಿನವರು ಮೆಚ್ಚಬೇಕೋ ನೊಂದುಕೊಳ್ಳಬೇಕೋ ತಿಳಿಯದಾದರು.

ಚಟ್ಟಂಚಾಲ್ ಬಳಿಯ ತೆಕ್ಕಿಲ್‌ನಲ್ಲಿ ಟಾಟಾ ಸಮೂಹ ಐನೂರಕ್ಕೂ ಹೆಚ್ಚು ಹಾಸಿಗೆಗಳ ಸಿದ್ಧಮಾದರಿ ಕೋವಿಡ್ ಆಸ್ಪತ್ರೆ ಕಟ್ಟಿ 2020ರ ಸೆಪ್ಟೆಂಬರ್‌ನಲ್ಲಿ ಸರಕಾರಕ್ಕೆ ಒಪ್ಪಿಸಿತು. ಸಾವಿರಾರು ರೋಗಿಗಳಿಗೆ ಅಲ್ಲಿ ಚಿಕಿತ್ಸೆ ಸಿಕ್ಕಿತು. ಕೊರೋನಾ ತಗ್ಗಿದ ಮೇಲೆ ಸಿಬ್ಬಂದಿಯನ್ನು ಬೇರೆಡೆಗೆ ಕಳಿಸಿ, ಘಟಕಗಳು ಬಳಕೆಯಿಲ್ಲದೆ ಹಾಳಾದವು. ಕಟ್ಟಡ ಬಂದರೆ ಆಸ್ಪತ್ರೆ ಬಂತು ಎಂದು ನಂಬುವವರು ಇದನ್ನು ಗಮನಿಸಬೇಕು.

ಎಂಡೋಸಲ್ಫಾನ್ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸುಪ್ರೀಂ ಕೋರ್ಟು 2017ರ ಜನವರಿಯಲ್ಲಿ ಆದೇಶಿಸಿತ್ತು. ಅದು ಜಾರಿಯಾಗದ್ದಕ್ಕೆ 2022ರ ಮೇ ತಿಂಗಳಲ್ಲಿ ರಾಜ್ಯವನ್ನು ತರಾಟೆಗೆ ತೆಗೆದುಕೊಂಡು, ಸಂತ್ರಸ್ತರ ಚಿಕಿತ್ಸೆಯ ಬಗ್ಗೆ ಪ್ರತಿ ತಿಂಗಳೂ ಸಭೆ ನಡೆಸುವಂತೆ ಮುಖ್ಯ ಕಾರ್ಯದರ್ಶಿಗೆ ಹೇಳಿತು. ಅದೇ ಅಕ್ಟೋಬರ್‌ನಲ್ಲಿ ಸಮಾಜಸೇವಕಿ ದಯಾಬಾಯಿ ಜಿಲ್ಲೆಗೆ ತಜ್ಞ ಚಿಕಿತ್ಸೆ ಬೇಕೆಂದು ತಿರುವನಂತಪುರದ ಸಚಿವಾಲಯದ ಎದುರು ಎರಡು ವಾರಕ್ಕೂ ಮಿಕ್ಕಿ ಉಪವಾಸ ಕುಳಿತರು. ಹೀಗೆ ಕೋರ್ಟು, ಉಪವಾಸಗಳ ನಡುವೆ ಒಂದೊಂದೇ ಸೌಲಭ್ಯ ಬಂತು. ಉಕ್ಕಿನಡ್ಕದಲ್ಲಿ 2022ರ ಜನವರಿಯಲ್ಲಿ ಒಪಿ ಆರಂಭವಾಯಿತು. ಸರಕಾರಿ ಸೇವೆಯಲ್ಲಿ ನರರೋಗ ತಜ್ಞರ ನೇಮಕವಾಯಿತು. ಕಾಞಂಗಾಡು ಜಿಲ್ಲಾ ಆಸ್ಪತ್ರೆಗೆ ಹೃದಯದ ತೊಂದರೆಗೆ ಬೇಕಾದ ಕ್ಯಾಥ್ ಲ್ಯಾಬ್ ಬಂತು. 2025ರ ಸೆಪ್ಟೆಂಬರ್‌ನಲ್ಲಿ ಮೆಡಿಕಲ್ ಕಾಲೇಜಿಗೆ 50 ಎಂಬಿಬಿಎಸ್ ಸೀಟುಗಳ ಅನುಮತಿ ಸಿಕ್ಕಿತು. ಶಂಕುಸ್ಥಾಪನೆಯಿಂದ ಲೆಕ್ಕ ಹಾಕಿದರೆ ಸುಮಾರು ಹನ್ನೆರಡು ವರ್ಷ. ಕಾಲೇಜಿನದೇ ಆದ ಆಸ್ಪತ್ರೆ ಕಟ್ಟಡ ಅಷ್ಟರಲ್ಲೂ ಮುಗಿಯದ ಕಾರಣ ಕಾಸರಗೋಡು ಜನರಲ್ ಆಸ್ಪತ್ರೆಯನ್ನೇ ಬೋಧನೆಗೆ ಬಳಸುವ ಏರ್ಪಾಡಾಯಿತು.

ಆ ಜನರಲ್ ಆಸ್ಪತ್ರೆಯಲ್ಲೇ 2023ರಲ್ಲಿ ಲಿಫ್ಟ್ ಕೆಟ್ಟು, ಮೇಲಿನ ಮಹಡಿಗಳ ರೋಗಿಗಳನ್ನು ಹೊರೆ ಕಾರ್ಮಿಕರು ಮೆಟ್ಟಿಲಲ್ಲಿ ಹೊತ್ತು ಇಳಿಸಿದ ಸುದ್ದಿ ರಾಜ್ಯವಿಡೀ ಹರಡಿತ್ತು. ಇದು ಉತ್ತರದ ತೊಂದರೆ ಮಾತ್ರವೂ ಅಲ್ಲ. 2025ರ ಜೂನ್‌ನಲ್ಲಿ ತಿರುವನಂತಪುರ ಮೆಡಿಕಲ್ ಕಾಲೇಜಿನ ವೈದ್ಯರೊಬ್ಬರು ಸಲಕರಣೆ ಇಲ್ಲದೆ ಶಸ್ತ್ರಕ್ರಿಯೆ ಮುಂದೂಡಬೇಕಾಗಿದೆ ಎಂದು ಬಹಿರಂಗವಾಗಿ ಬರೆದರು. ಜುಲೈ 3ರಂದು ಕೋಟ್ಟಯಂ ಮೆಡಿಕಲ್ ಕಾಲೇಜಿನ ಹಳೆ ಕಟ್ಟಡದ ಭಾಗ ಕುಸಿದು ರೋಗಿಯೊಬ್ಬರ ಜೊತೆಗೆ ಬಂದಿದ್ದ ಮಹಿಳೆ ಮೃತಪಟ್ಟರು. ಮರಳಿ ಬಂದ ರೋಗಿಗಳ ಸಂಖ್ಯೆಗೆ ತಕ್ಕಂತೆ ಹಣವೂ ದುರಸ್ತಿಯೂ ಹೆಚ್ಚದಿದ್ದರೆ 1980ರ ದಶಕದ ದಾರಿ ಮತ್ತೆ ತೆರೆದುಕೊಳ್ಳುತ್ತದೆ.

ಕನ್ನಡಿಗ ರೋಗಿ ಕೇಳಬಹುದಾದ್ದು

ಗಡಿನಾಡಿನವರು ಅಷ್ಟಾಗಿ ಗಮನಿಸದ ಒಂದಂಶ ಗುಣಮಟ್ಟದ ಮಾನದಂಡಗಳಲ್ಲಿದೆ. ಸೇವೆಗಳ ಪಟ್ಟಿ, ಸಮಯ, ದಾರಿಸೂಚಕ ಫಲಕಗಳು ರೋಗಿಗೆ ಅರ್ಥವಾಗುವ ಸ್ಥಳೀಯ ಭಾಷೆಯಲ್ಲಿರಬೇಕು. ಶಸ್ತ್ರಕ್ರಿಯೆಗೆ ಮೊದಲು ವಿಷಯವನ್ನು ತಿಳಿಯುವಂತೆ ಹೇಳಿ ಒಪ್ಪಿಗೆ ಪಡೆಯಬೇಕು. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆಗಳಲ್ಲಿ ಸ್ಥಳೀಯ ಭಾಷೆ ಎಂದರೆ ಕನ್ನಡವೂ ಹೌದು. ಮಲಯಾಳ ಮಾತನಾಡಲು ಬಂದರೂ ಓದಲು ಬಾರದ ಹಿರಿಯರು ಇಲ್ಲಿ ಬೇಕಾದಷ್ಟಿದ್ದಾರೆ. ಮದ್ದಿನ ಚೀಟಿಯ ಮೇಲೆ "ಊಟಕ್ಕೆ ಮೊದಲು" ಎಂದು ಬರೆದದ್ದು ಅರ್ಥವಾಗದಿದ್ದರೆ ಒಳ್ಳೆಯ ಮದ್ದಿನಿಂದಲೂ ಪ್ರಯೋಜನವಿಲ್ಲ. ಇದನ್ನು ಭಾಷಾಭಿಮಾನದ ಬೇಡಿಕೆಯೆಂದು ತಳ್ಳಿಹಾಕುವಂತಿಲ್ಲ. ಪರಿಶೀಲಕರ ಪಟ್ಟಿಯಲ್ಲಿ ಅಂಕ ಇರುವ ವಿಷಯವಿದು.

ಪ್ರತಿ ಸರಕಾರಿ ಆಸ್ಪತ್ರೆಗೂ ಒಂದು ಆಡಳಿತ ಸಮಿತಿ ಇದೆ. ಸ್ಥಳೀಯ ಜನಪ್ರತಿನಿಧಿಗಳು ಅದರಲ್ಲಿರುತ್ತಾರೆ. ಕೇಂದ್ರಕ್ಕೆ ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು, ಸಂಜೆಯ ಒಪಿ ವಾರದಲ್ಲಿ ಎಷ್ಟು ದಿನ ನಡೆಯಿತು ಎಂಬ ಮೂರು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಕೇಳಬಹುದು, ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಆರೋಗ್ಯ ಇಲಾಖೆಯ 'ದಿಶಾ' ಸಹಾಯವಾಣಿಯ ಸಂಖ್ಯೆ 1056.